ವಿಷ ಕಟ್ಟಿದ ಗೌಂಡಿ ಪಕ್ಕೀರಪ್ಪ

ಹಗರಿಬೊಮ್ಮನಹಳ್ಳಿಯಲ್ಲಿ ಗೌಂಡಿ ಪಕ್ಕೀರಪ್ಪ ಕಟ್ಟಿದ ಗೋಡೆಗೆ ಯಾರೂ ತೂಗುಗುಂಡು ಹಿಡಿದು ನೋಡುತ್ತಿರಲಿಲ್ಲ, ಅಷ್ಟು ನಂಬಿಕೆ. ಅಂಥವನನ್ನು ಕಂಡರೆ ಜನ ದಾರಿ ಬದಲಿಸುವ ಕಾಲ ಬಂದದ್ದು ಎಂಬತ್ಮೂರರ ಮಳೆಗಾಲದಲ್ಲಿ.

ಊರಂಚಿನ ಗೋದಾಮೊಂದರ ಹಿಂಗೋಡೆ ಬಿದ್ದು, ಹತ್ತಿಗೆ ಹೊಡೆಯುವ ಹಳೆಯ ವಿಷದ ಪುಡಿಯೆಲ್ಲ ಹಿತ್ತಲ ಮಣ್ಣಿಗೆ ಇಳಿಯಿತು. ಅಲ್ಲಿ ಮೇಯ್ದ ಎರಡು ಆಡು ಸತ್ತವು. ತನಿಖೆಗೆ ಬಂದ ಸಾಹೇಬರು, ಆ ಮಣ್ಣನ್ನು ಅಗೆದು, ಸುಣ್ಣ ಸಿಮೆಂಟಿನಲ್ಲಿ ಕಲಸಿ, ಅಚ್ಚಿಗೆ ಹೊಯ್ದು ಕಲ್ಲು ಮಾಡಿ ಸಿಮೆಂಟಿನ ಗುಂಡಿಯಲ್ಲಿ ಹೂಳಬೇಕು, ಇಲ್ಲದಿದ್ದರೆ ವಿಷ ಬಾವಿಗಳ ನೀರಿಗೆ ಸೇರುತ್ತದೆ ಎಂದರು. ಆ ಕೆಲಸಕ್ಕೆ ಒಪ್ಪಿದವನು ಪಕ್ಕೀರಪ್ಪ ಒಬ್ಬನೇ. ಹೆಂಡತಿ ತೀರಿ ಆರು ವರ್ಷ, ಮಕ್ಕಳಿಲ್ಲ. ಅಳುವವರಿಲ್ಲದವನಿಗೆ ಅಂಜಿಕೆ ಯಾಕೆ ಎಂದು ತಾನೇ ನಕ್ಕಿದ್ದ. ಆ ನಗೆ ವಾರದೊಳಗೆ ಆರಿತು. ಎಷ್ಟು ತಿಕ್ಕಿ ತೊಳೆದರೂ ಮೈಯಿಂದ ಪುಡಿಯ ನಾತ ಹೋಗಲಿಲ್ಲ. ಚಹಾದಂಗಡಿಯಲ್ಲಿ ಅವನು ಕೂತ ಬೆಂಚು ಕೂಡಲೇ ಖಾಲಿಯಾಗುತ್ತಿತ್ತು.

ದೂರ ಸರಿಯದವಳು ನೆರೆಮನೆಯ ಜಂಬಕ್ಕ. ಸಂಜೆ ರೊಟ್ಟಿ ತಂದು, ಅವನು ಉಂಡು ಮುಗಿಸುವವರೆಗೂ ಅವನ ಕಟ್ಟೆಯ ಮೇಲೆ ಕೂತು ಊರ ಸುದ್ದಿಯನ್ನೆಲ್ಲ ಬಿಚ್ಚುತ್ತಿದ್ದಳು. ಆ ಒಂದು ತಾಸಿಗಾಗಿಯೇ ಅವನು ಹಗಲು ಕಳೆಯುತ್ತಿದ್ದ.

ಸುಮ್ಮನೆ ಅಚ್ಚಿಗೆ ಸುರಿದುಬಿಡು, ಅಂದಚೆಂದ ನೋಡಬೇಡ ಎಂದು ಸಾಹೇಬರು ಹೇಳಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು. ಮೂವತ್ತು ವರ್ಷ ಕರಣಿ ಹಿಡಿದ ಕೈ ಅವರ ಮಾತು ಕೇಳೀತೇ? ಒಂದೊಂದು ಕಲ್ಲಿನ ಮುಖವನ್ನೂ ನಯವಾಗಿ ತೀಡಿ, ಮೂಲೆ ತಿದ್ದಿ, ಗೋಣಿತಟ್ಟು ಹೊದಿಸಿ ನೀರುಣಿಸಿದ. ಹೆಣಕ್ಕೆ ಸಿಂಗಾರ ಮಾಡಿದ ಹಾಗೆ! ಹೂಳುವ ದಿನ ಎಣಿಸಿದರೆ ಒಂದು ಕಲ್ಲು ಕಡಿಮೆ.

ಅದು ಸಿಕ್ಕಿದ್ದು ಜಂಬಕ್ಕನ ಬಚ್ಚಲ ಮುಂದೆ. ಇಷ್ಟು ನುಣುಪಾದ ಕಲ್ಲನ್ನು ಮಣ್ಣುಪಾಲು ಮಾಡುವುದೇಕೆಂದು ಬೆಳಿಗ್ಗೆಯಷ್ಟೇ ಕೈಬಂಡಿಯಲ್ಲಿ ತಂದು, ಬಟ್ಟೆ ಒಗೆಯಲು ಹಾಕಿಕೊಂಡಿದ್ದಳು. ಅದರ ಮೇಲೆ ಮೊಮ್ಮಗಳ ಲಂಗ ನೊರೆಯಾಡುತ್ತಿತ್ತು.

"ನಿನ್ನ ಕೈಯಾಗ ಆದ ಕಲ್ಲು ಅಂತ ತಂದ್ನಪ್ಪ," ಎಂದಳು. "ಗಟ್ಟಿ ಆತಂದ್ರ ವಿಷ ಸತ್ತಂಗ ಅಂತ ನೀನ ಹೇಳಿದ್ದಿ."

ಹೇಳಿದ್ದು ನಿಜ. ಅವಳೂ ಎದ್ದು ಹೋದಾಳೆಂಬ ಭಯಕ್ಕೆ ಒಂದು ಸಂಜೆ ಹಾಗೆ ಹೇಳಿಬಿಟ್ಟಿದ್ದ. ಈಗ ನಿಜ ಹೇಳಿದರೆ ನಾಳೆಯಿಂದ ಕಟ್ಟೆ ಬರಿದು. ಸಾಹೇಬರು ಲೆಕ್ಕ ಕೇಳುತ್ತಾರೆ ಎಂಬ ನೆಪ ಹೇಳಿ ಕಲ್ಲನ್ನಷ್ಟೇ ಒಯ್ಯಬಹುದಿತ್ತು. ಆದರೆ ಆ ಲಂಗವನ್ನು ಹುಡುಗಿ ಉಡುತ್ತಾಳೆ.

"ಸತ್ತಿಲ್ಲಕ್ಕ, ಅದರೊಳಗ ಐತಿ. ತಿಕ್ಕಿದ್ರ ಸವೆದು ಹೊರಗ ಬರತೈತಿ. ಲಂಗ ಹುಡುಗಿಗೆ ಉಡಿಸಬ್ಯಾಡ, ನಂಗ ಕೊಡು, ಹೂಳ್ತನಿ. ಮಾತಾಡಾಕ ಯಾರೂ ಇರಲಿಲ್ಲ, ಅದಕ್ಕ ನಿನಗ ಸುಳ್ಳು ಹೇಳಿದ್ನಿ."

ಜಂಬಕ್ಕ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡು, ನೀರಿನ ಹಂಡೆಯ ಕಡೆ ನಡೆದಳು. ಅವನು ಕಲ್ಲನ್ನೂ ಲಂಗವನ್ನೂ ಒಯ್ದು ಗುಂಡಿಗಿಳಿಸಿ ಅದರ ಬಾಯಿ ಮುಚ್ಚಿದ.

ಸಂಜೆ ಎರಡು ಸಲ ಸ್ನಾನ ಮಾಡಿ ಕಟ್ಟೆಯ ಮೇಲೆ ಕೂತ. ರೊಟ್ಟಿ ಬಂತು. ಜಂಬಕ್ಕ ಬೀದಿಯಲ್ಲೇ ನಿಂತು, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟಳು.

"ಅರಿವಿ ತಿರುಗಿ ಕೊಡಬ್ಯಾಡ, ಪಕ್ಕೀರಪ್ಪ," ಎಂದು ಮೆಲ್ಲಗೆ ಹೇಳಿ ಹೋದಳು.