ಬಂಗಲೆಯ ದುರುಗಪ್ಪನ ಮಗಳು

"ಏಯ್ ಅಡಿಗಿಯಾಕಿ" ಎಂದು ಯಾರಾದರೂ ಕೂಗಿದರೆ ಹಂಪಮ್ಮನಿಗೆ ಕಿವಿಯೇ ಕೇಳುತ್ತಿರಲಿಲ್ಲ. ಕೂಡ್ಲಿಗಿಯ ನಮ್ಮ ಹಾಸ್ಟೆಲ್ಲಿನಲ್ಲಿ ಆಕೆ ಅಡಿಗೆಯವಳು, ನಾನು ವಾರ್ಡನ್ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಮೇಷ್ಟ್ರು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ನೀರು ಕೇಳಿ ಕೇಳಿ ಗಂಟಲು ಒಣಗಿಸಿಕೊಂಡರು. ಆಕೆ ರೊಟ್ಟಿ ತಟ್ಟುತ್ತಲೇ ಇದ್ದಳು. "ಹೆತ್ತೋರು ಹೆಸರಿಟ್ಟಾರ್ರಿ ನನಗ, ಹಂಪಮ್ಮ ಅಂತ. ಕರದು ನೋಡ್ರಿ, ನೀರು ತಾನ ಬರ್ತೈತಿ." ಸಾಹೇಬರು ಹೆಸರು ಹಿಡಿದು ಕರೆದರು. ನೀರು ಬಂತು, ಜೊತೆಗೆ ಒಂದು ಚೂರು ಬೆಲ್ಲವೂ ಬಂತು.

ಈ ಹಟ ಅಪ್ಪನಿಂದ ಬಂದದ್ದು. ಊರಾಚೆ ಹಿಂದೆ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಿತ್ತಂತೆ, ಮಾವಿನ ತೋಪು, ಕುದುರೆ ಲಾಯ ಎಲ್ಲ ಸೇರಿ. ನಾನು ನೋಡುವ ಹೊತ್ತಿಗೆ ನಾಲ್ಕು ಮೆಟ್ಟಿಲು, ಸುತ್ತ ಜಾಲಿಗಿಡ, ಅಷ್ಟೇ ಉಳಿದಿತ್ತು. ಆಕೆಯ ಅಪ್ಪ ದುರುಗಪ್ಪ ಅಲ್ಲಿ ಅಡಿಗೆಯವನು. "ತಲಿ ನರೆತ ಮ್ಯಾಲೂ ನಮ್ಮಪ್ಪನ್ನ 'ಬಾಯ್' ಅಂತಿದ್ರು. ಹುಡುಗನಂತ, ಹುಡುಗ! ಮನಿಗೆ ಬಂದು 'ಒಂದ್ಸಲ ದುರುಗಪ್ಪ ಅನ್ನವ್ವ' ಅಂತ ನನ್ನ ಬಾಯಾಗ ಹೆಸರು ಕರಿಸಿಕೊಂತಿದ್ದ."

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ದೊರೆಯ ಮೊಮ್ಮಗಳು ಬಂಗಲೆ ಹುಡುಕಿಕೊಂಡು ಬಂದರು. ಊರವರು ಹಂಪಮ್ಮನನ್ನು ತೋರಿಸಿದರು. ಇಬ್ಬರ ನಡುವೆ ನಾನು, ನನ್ನ ಹರುಕುಮುರುಕು ಇಂಗ್ಲಿಷು. ಮೇಡಂ ತಂದಿದ್ದ ಹಳೆಯ ಫೋಟೋದಲ್ಲಿ ದೊರೆಯ ಸಂಸಾರ ಕುರ್ಚಿಗಳಲ್ಲಿ ಕೂತಿತ್ತು, ಕಾಲ ಬಳಿ ಒಂದು ನಾಯಿ. ಹಿಂದೆ ಬರಿಗಾಲಲ್ಲಿ ಐವರು ನಿಂತಿದ್ದರು. ಅಪ್ಪನ ಮುಖದ ಮೇಲೆ ಹಂಪಮ್ಮ ಬೆರಳಿಟ್ಟಳು. ಆಮೇಲೆ ಹಿಂಬದಿಯ ಬರಹವನ್ನು ನನ್ನಿಂದ ಓದಿಸಿದಳು. ದೊರೆ, ದೊರೆಸಾನಿ, ಮಕ್ಕಳು, ಎಲ್ಲರ ಹೆಸರೂ ಇತ್ತು. ನಾಯಿ ಟೈಗರ್ ಎಂದಿತ್ತು. ಕೊನೆಗೆ ಬರೀ 'ಆಳುಗಳು'.

"ನಾಯಿಗೆ ಹೆಸರೈತಿ, ನಮ್ಮಪ್ಪಗಿಲ್ಲೇನ್ರಿ? ಕೇಳ್ರಿ ಆಯಮ್ಮನ್ನ."

ಅತಿಥಿಗೆ ಬೇಸರವಾದೀತೆಂದು ನಾನು 'ಇವರಿಗೆ ಬಹಳ ಸಂತೋಷವಾಗಿದೆ' ಎಂದುಬಿಟ್ಟೆ. ಮೇಡಂ ನಕ್ಕರು. ಹಂಪಮ್ಮ ನನ್ನನ್ನು ದುರುಗುಟ್ಟಿ ನೋಡಿದಳು.

"ನಾನಂದ ಮಾತಿಗೆ ಯಾರೂ ನಗಾದಿಲ್ಲ. ಏನೋ ನುಂಗೀರಿ ಮೇಷ್ಟ್ರೆ. ಕಕ್ರಿ ಹೊರಗ."

ನಾಚಿಕೆಯಾಯಿತು. ಇದ್ದದ್ದನ್ನು ಇದ್ದಂತೆ ಹೇಳಿದೆ. ಮೇಡಂ ಮುಖ ಕೆಂಪಾಯಿತು. ಮನೆಗೆ ಹೋಗಿ ಬೇರೆ ಹಾಳೆಯಲ್ಲಿ ಬರೆದಿಡುತ್ತೇನೆ ಎಂದರು. ಹಂಪಮ್ಮ ಫೋಟೋ ಬಿಡಲಿಲ್ಲ. "ನಾಯಿ ಹೆಸರು ಎಲ್ಲೈತೋ ಅಲ್ಲೇ ಬರೀಬೇಕು." ಕಡೆಗೆ ಅವರೇ ಪೆನ್ನು ಕೊಟ್ಟರು. ದುರುಗಪ್ಪ, ಆಯಾ ಗಾಳೆಮ್ಮ, ಅಗಸರ ಮಾರೆಪ್ಪ, ತೋಟದ ನಿಂಗಪ್ಪ ಎಂದು ಆಕೆ ಹೇಳಿದಂತೆ ಬರೆದೆ. ಐದನೆಯವನು ಕುದುರೆ ನೋಡಿಕೊಳ್ಳುತ್ತಿದ್ದವನು. ಅವನ ಹೆಸರು ಎಷ್ಟು ತಿಣುಕಿದರೂ ನೆನಪಾಗಲಿಲ್ಲ. 'ಕುದುರೆಯವನು' ಎಂದು ಬರೆಯಲೇ ಎಂದೆ.

"ಬ್ಯಾಡ್ರಿ. ಜಾಗ ಬಿಡ್ರಿ."

ಜಾಗ ಬಿಟ್ಟೆ. ಮೇಡಂ ತಮ್ಮ ವಿಳಾಸ ಕೊಟ್ಟು, ಫೋಟೋ ತೆಗೆದುಕೊಂಡು ಹೋದರು. ಮುಂದೆ ಏಳೆಂಟು ವರ್ಷ ಹಂಪಮ್ಮ ಹೋದಲ್ಲೆಲ್ಲ ಆ ಐದನೆಯವನ ಹೆಸರನ್ನೇ ಕೇಳಿದಳು, ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ, ಹಡಗಲಿಯ ಬೀಗರ ಮನೆಯಲ್ಲಿ. ನಿವೃತ್ತಳಾಗಿ ತಂಬ್ರಹಳ್ಳಿಯ ಮಗಳ ಮನೆ ಸೇರಿದವಳು ಒಂದು ದಿನ ನನಗೆ ಹೇಳಿಕಳಿಸಿದಳು. ಹೋದೆ. ಹಾಸಿಗೆ ಹಿಡಿದಿದ್ದಳು, ದನಿ ಮಾತ್ರ ಹಾಗೇ ಇತ್ತು.

"ಹೆಸರು ಸಿಕ್ಕೈತಿ ಮೇಷ್ಟ್ರೆ. ನೀಲಗುಂದದಾಗ ಆ ಕುದುರಿ ನೋಡ್ತಿದ್ದಾತನ ಮೊಮ್ಮಗ ಅದಾನ. ಖಾಸಿಂಸಾಬ ಅಂತ ಅವರಜ್ಜನ ಹೆಸರು. ಕಾಗದ ಬರೀರಿ ಆಯಮ್ಮಗ."

ಅಲ್ಲೇ ಕೂತು ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿದೆ: 'ದಯವಿಟ್ಟು ಖಾಲಿ ಬಿಟ್ಟ ಜಾಗದಲ್ಲಿ ಈ ಹೆಸರು ಸೇರಿಸಿರಿ.'

"ದಯವಿಟ್ಟು ಅನ್ನೋದು ಹೊಡದು ಹಾಕ್ರಿ. ದಯಾ ಬೇಡಿ ಬೇಡಿ ಸಾಕಾಗೈತಿ ನಮ್ಮೋರಿಗೆ."

ಹೊಡೆದುಹಾಕಿದೆ. ಹೊಸ ಹಾಳೆ ತೆಗೆಯದೆ, ಆ ಗೀಟಿನ ಸಮೇತವೇ ಅಂಚೆಗೆ ಹಾಕಿದೆ. ಉತ್ತರ ಬರುವ ಮೊದಲೇ ಹಂಪಮ್ಮ ತೀರಿಕೊಂಡಳು.