ಬೆಲೆ ಹೇಳಿ ಒಂದು ಆವರ್ತನ ಸುಮ್ಮನಿರಿ

ಹೈದರಾಬಾದಿನ ಕಾಚಿಗೂಡ ನಿಲ್ದಾಣಕ್ಕೆ ಬೆಳಗಿನ ರೈಲು ಬಂದು ನಿಂತ ಹೊತ್ತು. ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಹಳೆಯ ಮನೆಯೊಂದರ ಮಾಳಿಗೆಯ ಮೇಲೆ ಚಾಪೆ ಹಾಸಿದೆ. ಒಂದು ಜೊತೆ ತಬಲಾ ಗೋಡೆಗೆ ಒರಗಿವೆ. ಸಂಗೀತದ ಪಾಠವಿರಬೇಕು ಎಂದುಕೊಂಡು ಮೆಟ್ಟಿಲು ಹತ್ತಿದವರ ಕಿವಿಗೆ ಬೀಳುವುದು ಬೇರೆಯೇ ಮಾತು.

"ಎಷ್ಟು ಕೊಡಬೇಕು ನಿಮಗ?" ಎಂದು ಸತ್ಯಭಾಮಾ ಬಿಗುವಾಗಿ ಕೇಳುತ್ತಾರೆ. ಈ ಹೊತ್ತಿಗೆ ಅವರು ಶಾಲೆಯೊಂದರ ಪ್ರಾಂಶುಪಾಲರ ಪಾತ್ರದಲ್ಲಿದ್ದಾರೆ. ಎದುರಿಗೆ ಕುಳಿತ ತಬಲಾವಾದಕ ಚೇತನಕುಮಾರ ಚಾಪೆಯ ಎಳೆ ಕೀಳುತ್ತ, "ತಿಂಗಳಿಗೆ ಹನ್ನೆರಡು ಸಾವಿರ್ರೀ. ಹನ್ನೆರಡೂ ತಿಂಗಳು... ನಿಮಗ ತ್ರಾಸ ಆಗೂದಾದ್ರ ಹತ್ತು ತಿಂಗಳದ್ದಾದ್ರೂ ನಡೀತೈತ್ರಿ" ಎನ್ನುತ್ತಾನೆ.

ಸತ್ಯಭಾಮಾ ಹಣೆ ಚಚ್ಚಿಕೊಳ್ಳುತ್ತಾರೆ. "ನಾ ಏನರ ಅಂದೆನೇನೋ? ನಾ ಬಾಯಿ ತೆಗಿಯೂಕಿಂತ ಮೊದಲ ನೀನ ಎರಡು ತಿಂಗಳ ಪಗಾರ ಬಿಟ್ಟುಕೊಟ್ಟಿ! ಬೆಲೆ ಹೇಳು. ಹೇಳಿದ ಮ್ಯಾಲೆ ತೀನ್‌ತಾಲದ ಒಂದು ಆವರ್ತನ ಸುಮ್ಮನ ಕುಂದರು. ಹದಿನಾರ ಮಾತ್ರೆ. ತಬಲಾ ಬಾರಸಾಂವಗ ಅಷ್ಟೂ ತಡಕೊಳ್ಳಾಕ ಆಗೂದಿಲ್ಲೇನು? ಹೂಂ, ಇನ್ನೊಮ್ಮೆ."

ಅರವತ್ತು ದಾಟಿದ ಈ ಹೆಣ್ಣುಮಗಳು ದಿನವೂ ಬೆಳಗ್ಗೆ ಐದೂವರೆಯಿಂದ ಏಳರ ತನಕ ಮಾಡಿಸುವ ರಿಯಾಜ್ ಇದು. ಮನೆಮನೆಗೆ ಹೋಗಿ ಹಾಡು ಕಲಿಸುವವರು, ಶಾಲೆಗಳಲ್ಲಿ ವಾರಕ್ಕೆರಡು ದಿನ ನೃತ್ಯ ಹೇಳಿಕೊಡುವವರು, ಮದುವೆಗಳಲ್ಲಿ ನುಡಿಸುವವರು, ಹೀಗೆ ಮೂವತ್ತಕ್ಕೂ ಮಿಕ್ಕಿದ ಜನ ಪಾಳಿಯಂತೆ ಬರುತ್ತಾರೆ. ತಿಂಗಳ ಸಂಬಳವಿಲ್ಲದ ಇವರೆಲ್ಲರ ವರ್ಷದ ಲೆಕ್ಕ ಹಾಕಿಕೊಡುವುದು ಅವರ ಕೆಲಸ. ಹಣಕಾಸು ಸಲಹೆಗಾರರು ಎಂದು ಕರೆದರೆ ನಗುತ್ತಾರೆ. ಬರುವವರಿಗೆಲ್ಲ ಅವರು ಅಕ್ಕೋರು ಅಷ್ಟೇ. ಚಹದ ಹಾಲೂ ಅವರದೇ, ಸಕ್ಕರೆಯೂ ಅವರದೇ.

ಮೊದಲ ಸಲ ಬರುವವರು ಹೊಸ ಪಂಚಾಂಗ ತರಬೇಕು ಎಂಬುದು ಇಲ್ಲಿಯ ಕಟ್ಟಳೆ. ಬ್ಯಾಂಕಿನ ಪಾಸ್‌ಬುಕ್ಕಿನ ಸರದಿ ಆಮೇಲೆ. "ನೌಕರಿ ಇದ್ದವರಿಗೆ ಒಂದನೇ ತಾರೀಖಿಗೆ ತಿಂಗಳು ಹುಟ್ತೈತಿ. ನಮ್ಮ ಮಂದಿಗೆ ಮುಹೂರ್ತ ಇದ್ರ ತಿಂಗಳು, ಇಲ್ಲಂದ್ರ ಇಲ್ಲ" ಎನ್ನುತ್ತ ಅವರು ಲಗ್ನವಿಲ್ಲದ ದಿನಗಳ ಮೇಲೆ ಪೆನ್ಸಿಲ್ ಎಳೆಯುತ್ತಾರೆ. ಈ ವರ್ಷ ಜ್ಯೇಷ್ಠಕ್ಕೆ ಅಧಿಕ ಮಾಸ ಬಂದು ಕೂತಿದೆ. ಮೇ ತಿಂಗಳ ನಡುವಿನಿಂದ ಜೂನ್ ನಡುವಿನ ತನಕ ಓಲಗವೂ ಇಲ್ಲ, ತಬಲಾವೂ ಇಲ್ಲ. ಅದು ಮುಗಿದು ನಾಲ್ಕು ಲಗ್ನ ಆಗುವಷ್ಟರಲ್ಲಿ ಆಷಾಢ.

ಅವರು ಹೇಳಿಕೊಡುವ ಉಪಾಯದಲ್ಲಿ ಮಂತ್ರ ತಂತ್ರ ಏನೂ ಇಲ್ಲ. ಬಂದದ್ದೆಲ್ಲ ಒಂದು ಖಾತೆಗೆ ಹೋಗಬೇಕು. ಅಲ್ಲಿಂದ ತಿಂಗಳ ಮೊದಲ ದಿನ ಕಲಾವಿದ ತನಗೆ ತಾನೇ ಪಗಾರ ಕೊಟ್ಟುಕೊಳ್ಳಬೇಕು. ಮಾಘದಲ್ಲಿ ಕೈತುಂಬ ಬಂದರೂ ಅಷ್ಟೇ, ಆಷಾಢದಲ್ಲಿ ಬರಿಗೈ ಆದರೂ ಅಷ್ಟೇ. ತಬಲಾಕ್ಕೆ ಹೊಸ ಚರ್ಮ ಕಟ್ಟಿಸುವ ದುಡ್ಡನ್ನು ಮನೆಖರ್ಚಿಗೆ ಮುಟ್ಟುವಂತಿಲ್ಲ. ಆಸ್ಪತ್ರೆಯ ವಿಮೆ ತಪ್ಪಿಸುವಂತಿಲ್ಲ. ಆದರೆ ಈ ಲೆಕ್ಕವೆಲ್ಲ ನಿಂತಿರುವುದು ಒಂದೇ ಮಾತಿನ ಮೇಲೆ. ಎಷ್ಟು ಎಂದು ಕೇಳಿದಾಗ ಇಷ್ಟು ಎನ್ನಲು ಬರಬೇಕು, ಅದೊಂದೇ ನಮ್ಮ ಕಲಾವಿದರಿಗೆ ಬರುವುದಿಲ್ಲ.

ಸತ್ಯಭಾಮಾ ಇದನ್ನು ಕಲಿತದ್ದು ಮನೆಯಲ್ಲಿಯೇ. ಕಲಬುರಗಿ ಕಡೆಯ ಮನೆತನ. ಯಜಮಾನರು ಮಲ್ಲಿಕಾರ್ಜುನ, ನಲವತ್ತು ವರ್ಷ ಹಿಂದೂಸ್ತಾನಿ ಗಾಯನ ಕಲಿಸಿದವರು, ಈಗಲೂ ಕೆಳಗಿನ ಕೋಣೆಯಲ್ಲಿ ಕಲಿಸುತ್ತಿರುವವರು. ಫೀಸು ಎಷ್ಟೆಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: "ನಿಮಗ ತಿಳದಷ್ಟು ಕೊಡ್ರಿ." ತಿಳಿದವರು ಕೊಟ್ಟರು, ತಿಳಿಯದವರು ಶಾಲು ಹೊದಿಸಿದರು. ಹೈದರಾಬಾದಿನ ಬಿಸಿಲಿನಲ್ಲಿ ಅಷ್ಟೊಂದು ಶಾಲು ಯಾತಕ್ಕೆ! ಸತ್ಯಭಾಮಾ ಅವನ್ನೆಲ್ಲ ಕತ್ತರಿಸಿ ಕೌದಿ ಹೊಲಿದರು. ಚಾಪೆಯ ಮೇಲೆ ಹಾಸಿರುವ ಕೌದಿಯಲ್ಲಿ ಈಗಲೂ ಜರಿಯಂಚು ಮಿಂಚುತ್ತದೆ.

ಮನೆ ನಡೆದದ್ದು ಸತ್ಯಭಾಮಾ ಅವರ ಪಗಾರದಿಂದ. ಕುಷಾಯಿಗೂಡದ ಸರ್ಕಾರಿ ಕಾರ್ಖಾನೆಯೊಂದರಲ್ಲಿ, ಕಾರ್ಮಿಕರ ಸಂಬಳ ಬಟವಾಡೆ ಮಾಡುವ ವಿಭಾಗದಲ್ಲಿಯೇ ಅವರು ನಿವೃತ್ತಿಯ ತನಕ ದುಡಿದರು. "ಇವರು ರೊಕ್ಕ ಕೇಳೂದಿಲ್ಲ ಅಂತ ಊರೆಲ್ಲ ಹೊಗಳತಿತ್ತು. ನಂಗೂ ಹೆಮ್ಮಿನ ಇತ್ತು, ಸುಳ್ಳ ಯಾಕ ಹೇಳಲಿ? ಆದ್ರ ನಾ ರಿಟೈರ್ ಆದ ತಿಂಗಳು ಗೊತ್ತಾತು, ಅವರ ಹೆಮ್ಮಿ ನಿಂತಿದ್ದು ನನ್ನ ಪಗಾರದ ಮ್ಯಾಲೆ. ಮನ್ಯಾಗ ಪಗಾರ ತರೋ ಹೆಂಡತಿ ಇಲ್ಲದವರು ಏನ ಮಾಡಬೇಕು?" ಈ ಮಾತು ಹೇಳುವಾಗ ಅವರ ದನಿ ತಗ್ಗುತ್ತದೆ. ಕೆಳಗೆ ಕೂತ ಗಂಡನಿಗೆ ಕೇಳಿಸೀತು, ನೋವಾದೀತು ಎಂಬ ಅಳುಕು.

ಏನು ಮಾಡಬೇಕಾಗುತ್ತದೆ ಎಂಬುದು ಚೇತನಕುಮಾರನಿಗೆ ಗೊತ್ತು. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಬಾಲಾನಗರದಲ್ಲಿ ನೆಲೆಸಿದ ಲಿಂಗಣ್ಣನ ಮಗ ಅವನು. ಖಾಸಗಿ ಶಾಲೆಯೊಂದರಲ್ಲಿ ತಬಲಾ ಕಲಿಸುತ್ತಾನೆ. ಅಲ್ಲಿ ಏಪ್ರಿಲ್, ಮೇ ತಿಂಗಳಿಗೆ ಕಲಾ ಶಿಕ್ಷಕರಿಗೆ ಸಂಬಳವಿಲ್ಲ. ಹೋದ ಬೇಸಿಗೆಯಲ್ಲಿ ಮನೆ ಬಾಡಿಗೆಗಾಗಿ ಅಪ್ಪನ ಜೊತೆ ಕಾಂಕ್ರೀಟ್ ಹಾಕಲು ಹೋದ. ಸಿಮೆಂಟು ಬೆರಳ ತುದಿಯ ಚರ್ಮ ತಿಂದುಹಾಕಿತು. "ಹೊಡತ ಬೀಳತಿತ್ರಿ, ನಾದ ಬರತಿದ್ದಿಲ್ಲ. ದಸರಾ ತನಕ ಬರಲಿಲ್ಲ. ಈ ಸಲ ಹೋದ್ರ ಕೈ ವಾಪಸ್ ಬರೂದಿಲ್ಲ ಅನಸಾಕತ್ತೈತ್ರಿ" ಎಂದು ಅವನು ಕೈಗಳನ್ನು ತಿರುವಿ ತಿರುವಿ ನೋಡಿಕೊಳ್ಳುತ್ತಾನೆ.

ಇವತ್ತು ಹತ್ತು ಗಂಟೆಗೆ ಶಾಲೆಯಲ್ಲಿ ಮಾತುಕತೆ. ಹನ್ನೆರಡೂ ತಿಂಗಳ ಸಂಬಳ ಕೇಳಬೇಕು. ಆಗದಿದ್ದರೆ ಅಪ್ಪನ ಮೇಸ್ತ್ರಿ ಕಾಂಕ್ರೀಟ್ ಕೆಲಸಕ್ಕೆ ಇವನ ಜಾಗ ಹಿಡಿದಿಟ್ಟಿದ್ದಾನೆ.

ಪಕ್ಕದಲ್ಲಿ ಕೂತ ದೀಪಾಲಿ ಅವನಿಗೆ ಧೈರ್ಯ ತುಂಬುತ್ತಾಳೆ. ಅಪಾರ್ಟ್‌ಮೆಂಟುಗಳ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವ ಅವಳಿಗೆ ತಾಳದ ಗಂಧವಿಲ್ಲ. ಅದಕ್ಕೆ ಅಕ್ಕೋರು ಬೇರೆ ಲೆಕ್ಕ ಕೊಟ್ಟಿದ್ದಾರೆ. "ಫೀಸು ಹೇಳಿದ ಮ್ಯಾಲೆ ಮನಸಿನಾಗ ಒಂದು ಆನಿ ಚಿತ್ರ ತೆಗಿ. ಬಾಲ ಮುಗಿಯೂ ತನಕ ಬಾಯಿ ಬಿಚ್ಚಬ್ಯಾಡ." ದೀಪಾಲಿ ನಗುತ್ತಾಳೆ: "ಮೊದಲ ಸಲ ಸೊಂಡಿಲಕ್ಕ ಮಾತಾಡಿಬಿಟ್ಟಿದ್ದೆ. ಈಗ ಬಾಲ ಮುಟ್ಟತೀನಿ."

ಏಳಾಗುತ್ತಲೇ ಎಲ್ಲರೂ ತಮ್ಮ ತಮ್ಮ ಪಾಠಗಳ ಕಡೆ ಓಡುತ್ತಾರೆ. ಸತ್ಯಭಾಮಾ ಮೊರದಲ್ಲಿ ಮೆಂತ್ಯಸೊಪ್ಪು ಹಾಕಿಕೊಂಡು ಮಾಳಿಗೆಯ ನೆರಳಿನಲ್ಲಿ ಕೂರುತ್ತಾರೆ. ಸೊಪ್ಪು ಬಿಡಿಸಿದ್ದಕ್ಕಿಂತ ಮೆಟ್ಟಿಲ ಕಡೆ ನೋಡಿದ್ದೇ ಹೆಚ್ಚು. ಹನ್ನೊಂದಾಯಿತು. ದಂಟನ್ನು ಒಳಗೆ ಹಾಕಿ ಎಲೆಯನ್ನು ಹೊರಗೆ ಎಸೆದದ್ದು ಅವರ ಗಮನಕ್ಕೇ ಬಂದಿಲ್ಲ. "ಹುಡುಗನ ಕೈ ಭಾಳ ಛಲೋ ಐತ್ರಿ" ಎಂದಷ್ಟೇ ಹೇಳಿ ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚುತ್ತಾರೆ.

ಹನ್ನೆರಡರ ಹೊತ್ತಿಗೆ ಚೇತನಕುಮಾರ ಬರುತ್ತಾನೆ. ಮೆಟ್ಟಿಲ ಮೇಲೆ ಕಾಣಿಸಿದ ಕೂಡಲೇ ಸತ್ಯಭಾಮಾ ಕೇಳುವುದು ಏನಾಯಿತು ಎಂದಲ್ಲ. "ಸುಮ್ಮನಿದ್ದೇನು?"

"ಇದ್ದೆ ಅಕ್ಕೋರ. 'ಎಂತ ಕಾವಾಲಿ ಮಾಸ್ಟಾರು' ಅಂತ ತೆಲುಗಿನಾಗ ಎಷ್ಟು ಬೇಕಂತ ಕೇಳಿದ್ರು. ಹನ್ನೆರಡು ಸಾವಿರ, ಹನ್ನೆರಡೂ ತಿಂಗಳು ಅಂದೆ. ಮಾರಿ ನೋಡಾಕ ಆಗಲಿಲ್ಲ. ಮೇಜಿನ ಕೆಳಗ ಬೆರಳಿನಾಗ ತಾಳ ಹಾಕೋತ ಕುಂತೆ. ಒಂದ ಆವರ್ತನ ಮುಗೀತು, ಅವರು ಮಾತಾಡಲಿಲ್ಲ. ಎರಡನೇದು ಚಾಲೂ ಮಾಡಿದೆ. ಅದರ ನಡುವ ಅಂದ್ರು, ಏಪ್ರಿಲ್ ಕೊಡತೀವಿ, ಮೇ ತಿಂಗಳು ಇಲ್ಲೇ ಬೇಸಿಗಿ ಶಿಬಿರ ನಡಸು, ಅದಕ್ಕೂ ಅಷ್ಟ ಕೊಡತೀವಿ ಅಂತ. ಈ ವರ್ಷದಿಂದಾನ."

ಸತ್ಯಭಾಮಾ ಅವನ ಎರಡೂ ಕೈ ಹಿಡಿದು ಅಂಗೈ ಮೇಲೆ ಮಾಡಿ ನೋಡುತ್ತಾರೆ. ಕಣ್ಣು ತುಂಬುತ್ತವೆ, ಸೆರಗಿನಿಂದ ಒರೆಸಿಕೊಳ್ಳುತ್ತಾರೆ, ನಾಚುವುದಿಲ್ಲ. "ಇವಕ್ಕ ಎಣ್ಣಿ ಹಚ್ಚು" ಎಂದು ಗದರುತ್ತಾರೆ.

ಚೇತನಕುಮಾರ ಹೊರಡುವ ಬದಲು ಚಾಪೆಯ ಮೇಲೆ, ಬೆಳಗ್ಗೆ ಅವರು ಕೂತಿದ್ದ ಕಡೆ ಕೂರುತ್ತಾನೆ. "ಅಕ್ಕೋರ, ನಿಮ್ಮ ಫೀಸು ಎಷ್ಟರಿ?"

"ಅಯ್ಯ, ಅದೇನೋ ಮಾರಾಯಾ, ನಿನಗ ತಿಳದ..." ಮಾತು ಅಲ್ಲಿಗೇ ನಿಲ್ಲುತ್ತದೆ. ಕೆಳಗಿನ ಕೋಣೆಯ ತಂಬೂರಿಯೂ ಅದೇ ಹೊತ್ತಿಗೆ ನಿಂತಿದೆ. ಸತ್ಯಭಾಮಾ ಸೊಪ್ಪಿನ ಮೊರ ಸರಿಸಿ ನೆಟ್ಟಗೆ ಕೂರುತ್ತಾರೆ. ನೂರಾರು ಜನರ ಪಗಾರ ಬಟವಾಡೆ ಮಾಡಿದ ಜೀವ, ತನ್ನ ಬೆಲೆಯನ್ನು ತಾನೇ ಹೇಳಿಕೊಂಡದ್ದು ಒಮ್ಮೆಯೂ ಇಲ್ಲ.

"ತಿಂಗಳಿಗೆ ಇನ್ನೂರು ರೂಪಾಯಿ" ಎನ್ನುತ್ತಾರೆ. ಚೇತನಕುಮಾರನ ಬೆರಳು ಮೊಣಕಾಲ ಮೇಲೆ ತಾಳ ಹಿಡಿಯುತ್ತದೆ. ಒಂದು, ಎರಡು, ಮೂರು, ನಾಲ್ಕು. "ನೂರಾದ್ರೂ ನಡೀತೈತಿ ತಗೋ!"

"ಅಕ್ಕೋರ, ಆವರ್ತನ ಮುಗಿದಿಲ್ಲರಿ."

ಮಾಳಿಗೆಯ ಮೇಲೆ ಇಬ್ಬರದೂ ದೊಡ್ಡ ನಗು. ಸತ್ಯಭಾಮಾ ಕೆನ್ನೆ ಕೆಂಪಾಗಿಸಿಕೊಂಡು ಕೈಯಾಡಿಸುತ್ತಾರೆ. "ತಡಿ, ತಡಿ. ಇನ್ನೊಮ್ಮೆ ಕೇಳು."

"ನಿಮ್ಮ ಫೀಸು ಎಷ್ಟರಿ?"

"ಇನ್ನೂರು."

ತುಟಿ ಬಿಗಿಹಿಡಿದು, ಮೊರದ ಅಂಚು ಗಟ್ಟಿಯಾಗಿ ಹಿಡಿದುಕೊಂಡು ಕೂರುತ್ತಾರೆ. ಕೆಳಗೆ ತಂಬೂರಿ ಇನ್ನೂ ಶುರುವಾಗಿಲ್ಲ, ಮಲ್ಲಿಕಾರ್ಜುನ ಕಿವಿಗೊಟ್ಟಿರಬೇಕು. ಹದಿನಾರು ಮಾತ್ರೆ ಕಳೆಯುತ್ತವೆ. ಚೇತನಕುಮಾರ ಸಮ್‌ಗೆ, ಅಂದರೆ ಮತ್ತೆ ಮೊದಲ ಮಾತ್ರೆಗೆ ಬಂದು ತೊಡೆ ತಟ್ಟುತ್ತಾನೆ.

"ಮುಗೀತ್ರಿ ಅಕ್ಕೋರ. ಈಗ ಮಾತಾಡ್ರಿ."

"ಮಾತಾಡೂದೇನೈತಿ?" ಎನ್ನುತ್ತಾರೆ ಸತ್ಯಭಾಮಾ. "ಹೇಳೀನಲ್ಲ."