ಕಳಿಸುವ ಪದ

ಭೀಮವ್ವನ ಬಾಯಿಗೆ ಹೆದರದವರು ಬೋನಾಳದಲ್ಲಿ ಯಾರೂ ಇಲ್ಲ. ಕೆರೆಯಲ್ಲಿ ಬಲೆ ಬೀಸುವ ಗಂಡ ವೆಂಕಪ್ಪನಿಂದ ಹಿಡಿದು, ಸುರಪುರದ ಸಂತೆಯಲ್ಲಿ ಮೀನನ್ನು ಮುಟ್ಟಿ ಮುಟ್ಟಿ ನೋಡಿ ಕೊಳ್ಳದೆ ಹೋಗುವ ಸಾಹೇಬರ ತನಕ ಎಲ್ಲರೂ ಅವಳಿಂದ ಬೈಸಿಕೊಂಡವರೇ. ಆದರೆ ಊರಲ್ಲಿ ಯಾರಾದರೂ ತೀರಿಕೊಂಡರೆ ಜನ ಮೊದಲು ಓಡುವುದು ಅವಳ ಮನೆಗೆ. ಹೆಣದ ಮುಂದೆ ಕುಳಿತು ಹಾಡಿಕೊಂಡು ಅಳುವುದನ್ನು ಅವಳಷ್ಟು ಬಲ್ಲವರು ಸುತ್ತ ಹತ್ತೂರಲ್ಲಿ ಇಲ್ಲ.

ಆ ಅಳುವಿಗೂ ಒಂದು ಕ್ರಮವಿದೆ. ಮೊದಲು ಸತ್ತವರನ್ನು ಹೆಸರು ಹಿಡಿದು ಕರೆಯಬೇಕು. ಬಾ, ಉಣ್ಣು ಬಾ, ನಿನ್ನ ಸೀರೆ ಬಿಸಿಲಿಗೆ ಹಾಕೀನಿ ಬಾ. ಕರೆದು ದಣಿದ ಮೇಲೆ ಕೊನೆಗೆ ಕಳಿಸುವ ಪದ: ಹೋಗು, ತಿರುಗಿ ನೋಡಬ್ಯಾಡ. ಅದನ್ನು ಹಾಡದೆ ಎದ್ದರೆ ಸತ್ತವರು ಹೊಸ್ತಿಲಲ್ಲೇ ನಿಂತುಬಿಡುತ್ತಾರೆ, ಒಳಗೂ ಇಲ್ಲ, ಹೊರಗೂ ಇಲ್ಲ. ಒಲೆಯ ಮೇಲೆ ಹಾಲಿದೆ ಎಂದು ನಡುವೆಯೇ ಎದ್ದ ಹೆಂಗಸರನ್ನು ಭೀಮವ್ವ ಸೆರಗು ಹಿಡಿದೆಳೆದು ಕೂರಿಸಿದ್ದುಂಟು.

ಹೋದ ಚಳಿಗಾಲದಲ್ಲಿ ಲಿಥುವೇನಿಯಾ ಎಂಬ ದೇಶದಿಂದ ಯೋನಾಸ್ ಎಂಬವನು ಕೆರೆಯ ಹಕ್ಕಿಗಳ ದನಿ ಹಿಡಿಯಲು ಬಂದಿದ್ದ. ಅವನ ಮಾತನ್ನು ಊರವರಿಗೆ ತಿಳಿಸುತ್ತಿದ್ದವಳು ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಪಂಚಶೀಲಾ. ಅದೇ ವಾರ ಭೀಮವ್ವನ ತಂಗಿ ಮೌನೇಶ್ವರಿ ಶಿರವಾಳದಲ್ಲಿ ಜ್ವರ ಬಂದು ತೀರಿಕೊಂಡಳು. ಸುದ್ದಿ ಬಂದದ್ದು ಮಣ್ಣಾದ ಮರುದಿನ. ಮುಖ ಸಹ ತೋರಿಸಲಿಲ್ಲವಲ್ಲ ಎಂದು ಭೀಮವ್ವನ ಮೈಯೆಲ್ಲ ಉರಿದುಹೋಯಿತು. ತಂಗಿಯ ಗಂಡ ಬಸಲಿಂಗನ ಊರಿಗೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿ, ಬೆಳಗಾಮುಂಜಾನೆ ಕೆರೆಯ ಏರಿಯ ಮೇಲೆ ಒಬ್ಬಳೇ ಕುಳಿತು ನೀರಿನ ಮುಂದೆ ಅತ್ತಳು. ಹಕ್ಕಿಗಳಿಗೆಂದು ಅಲ್ಲಿ ಇಟ್ಟಿದ್ದ ಯೋನಾಸನ ಯಂತ್ರದೊಳಗೆ ಅವಳ ದನಿಯೂ ಹೋಯಿತು. ಅದನ್ನು ಬಳಸಿಕೊಳ್ಳಲೇ ಎಂದು ಅವನು ಪಂಚಶೀಲಾಳ ಮೂಲಕ ಕೇಳಿದಾಗ, ಒಯ್ಯಲಿ ಬಿಡು, ನನ್ನ ದನಿ ಸವೀತದೇನು ಅಂದುಬಿಟ್ಟಿದ್ದಳು.

ಈ ವರ್ಷ ಒಂದು ಭಾನುವಾರ ಪಂಚಶೀಲಾ ಫೋನು ಹಿಡಿದುಕೊಂಡು ಖುಷಿಯಿಂದ ಓಡಿ ಬಂದಳು. ಯೋನಾಸ್ ಮತ್ತು ಅವನ ಇಬ್ಬರು ಗೆಳೆಯರ ಮೊದಲ ಆಲ್ಬಂ ಬಂದಿತ್ತು. ಹತ್ತು ಹಾಡು, ಒಂದಕ್ಕೊಂದು ಸಂಬಂಧವಿಲ್ಲ. ಒಂದರಲ್ಲಿ ತುತ್ತೂರಿ, ಇನ್ನೊಂದರಲ್ಲಿ ಅವರೂರಿನ ಮುದುಕಿಯರ ಸೊಲ್ಲು, ಮತ್ತೊಂದರಲ್ಲಿ ರೈಲಿನ ಸದ್ದು, ಎಲ್ಲದರ ಕೆಳಗೂ ನಿಧಾನವಾಗಿ ಬಡಿಯುವ ಯಂತ್ರದ ತಾಳ. ದಣಿದವರು ಸಂಜೆ ಹೊತ್ತು ಹಾಕಿಕೊಂಡು ಆರಾಮಾಗಿ ಕೇಳುತ್ತಾರಂತೆ. ಎಂಟನೆಯ ಹಾಡಿನಲ್ಲಿ ಬೋನಾಳದ ಹಕ್ಕಿಗಳು ಕೂಗಿದವು. ಆಮೇಲೆ ಭೀಮವ್ವನ ದನಿ. ಬಾರ ಮೌನೇಶಿ ಬಾ. ತಾಳ ಬಡಿಯಿತು. ಬಾರ ಮೌನೇಶಿ ಬಾ. ನಾಲ್ಕು ನಿಮಿಷ ಅದೊಂದೇ ಸಾಲು ಸುತ್ತಿ ಸುತ್ತಿ ಬಂದು, ಅಲ್ಲಿಗೇ ನಿಂತಿತು.

ಮೀನು ಹೆಚ್ಚುತ್ತಿದ್ದ ಭೀಮವ್ವ ಈಳಿಗೆಯನ್ನು ಪಕ್ಕಕ್ಕೆ ನೂಕಿದಳು.

"ಕಳಿಸೋ ಪದ ಎಲ್ಲದ? ಯಾರೋ ಸಂಜಿಮುಂದ ಗುಂಡಿ ಒತ್ತತಾರ, ನನ್ನ ತಂಗಿ ಬರತಾಳ. ಮತ್ತ ಒತ್ತತಾರ, ಮತ್ತ ಬರತಾಳ. ಆಕಿ ಹೋಗೋದು ಯಾವಾಗ?"

ಆಲ್ಬಂ ಮೇಲೆ ನಿಮ್ಮ ಹೆಸರು ಹಾಕ್ಯಾರ ಅತ್ತಿ ಎಂದು ಪಂಚಶೀಲಾ ಸಮಾಧಾನ ಹೇಳಲು ಹೋಗಿ ಇನ್ನಷ್ಟು ಬೈಸಿಕೊಂಡಳು. ಹೆಸರು ತಗೊಂಡು ಒಲಿಗೆ ಹಾಕು ಅಂದಳು ಭೀಮವ್ವ. ಕೊನೆಯ ಪದ ಕತ್ತರಿಸಿ ಒಗೆದ ಅವರ ಕೈ ಸೇದಿಹೋಗಲಿ ಎಂದಳು. ಅಷ್ಟನ್ನೂ ಬರೆದು ಕಳಿಸು ಎಂದು ಎದುರಿಗೇ ಕೂರಿಸಿಕೊಂಡಳು. ಪಂಚಶೀಲಾ ಬರೆದದ್ದು ಆರು ಸಾಲು. ಅಷ್ಟೊಂದು ಬೈಗುಳ ಆರು ಸಾಲಿನಲ್ಲಿ ಹೇಗೆ ಹಿಡಿಸಿತು ಎಂದು ಭೀಮವ್ವನಿಗೆ ಗುಮಾನಿ ಬಂದು, ಮತ್ತೆ ನಾಲ್ಕು ಸಾಲು ಬರೆಸಿದಳು.

ಮೂರನೆಯ ದಿನ ಉತ್ತರ ಬಂತು. ಯೋನಾಸ್ ತಪ್ಪಾಯಿತು ಎಂದಿದ್ದ. ಆ ಮುಂಜಾನೆ ಹಿಡಿದದ್ದನ್ನೆಲ್ಲ ಇಡಿಯಾಗಿ ಕಳಿಸಿದ್ದ. ಕಳಿಸುವ ಪದ ಇದರಲ್ಲಿ ಎಲ್ಲಿದೆ ಹೇಳಿ, ಹಾಡಿಗೆ ಸೇರಿಸುತ್ತೇವೆ ಎಂದು ಬರೆದಿದ್ದ.

ಹನ್ನೊಂದು ನಿಮಿಷ. ಈಗ ಕೇಳು ಎಂದು ಭೀಮವ್ವ ಟೀಚರಮ್ಮನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಫೋನಿನಲ್ಲಿ ಅವಳೇ ತಂಗಿಯನ್ನು ಕರೆದಳು, ಅತ್ತಳು, ಬಸಲಿಂಗನ ಏಳು ತಲೆಮಾರು ಜಾಲಾಡಿದಳು, ಮತ್ತೆ ಕರೆದಳು. ದೂರದಿಂದ ವೆಂಕಪ್ಪ ಕೂಗಿದ್ದು ಕೇಳಿಸಿತು, ಬಲೆ ಎಳೆಯಬೇಕು ಬಾ ಎಂದು. ಬಂದೆ ಅಂದಳು ಫೋನಿನ ಭೀಮವ್ವ. ಆಮೇಲೆ ಬರೀ ಹಕ್ಕಿಗಳು.

ಇನ್ನೊಮ್ಮೆ ಹಾಕು ಅಂದಳು. ಇನ್ನೊಮ್ಮೆಯೂ ಬಂದೆ ಎಂದೇ ಮುಗಿಯಿತು. ಕತ್ತರಿಸಿದವರು ಯಾರೂ ಇರಲಿಲ್ಲ.

"ಊರ ಮಂದಿನೆಲ್ಲ ಕಳಿಸೀನಿ," ಅಂದಳು, ಸೊಂಟದ ಮೇಲಿನ ಕೈ ಇಳಿಸಿ. "ನನ್ನ ತಂಗೀನ ನಾನೇ ನಿಂದ್ರಿಸೀನಿ."

ಇಲ್ಲೇ ಹಾಡ್ರಿ ಅತ್ತಿ, ರೆಕಾರ್ಡ್ ಮಾಡಿ ಅವರಿಗೆ ಕಳಿಸ್ತೀನಿ ಎಂದು ಪಂಚಶೀಲಾ ಫೋನು ಮುಂದೆ ಹಿಡಿದಳು. ಬಂದ್ ಮಾಡು, ಇದು ಅವರಿಗಲ್ಲ ಎಂದಳು ಭೀಮವ್ವ. ಎಂಟನೆಯ ಹಾಡು ತೆಗೆದು ಹಾಕಲಿ, ಅಷ್ಟು ಬರಿ ಸಾಕು.

ಮರುದಿನ ಮುಂಜಾನೆಯೇ ಬಸ್ಸು ಹತ್ತಿ ಆಣೆ ಮುರಿದು ಶಿರವಾಳಕ್ಕೆ ಹೋದಳು. ಬಸಲಿಂಗ ಮಣ್ಣು ಮಾಡಿದ ಜಾಗ ತೋರಿಸಿ ದೂರ ನಿಂತ. ಅವನನ್ನು ಬೈಯಲಿಲ್ಲ. ಮಣ್ಣಿನ ಮುಂದೆ ಕುಳಿತಳು. ಈ ಸಲ ಬಾ ಎನ್ನಲೇ ಇಲ್ಲ, ವರ್ಷವೆಲ್ಲ ಕರೆದದ್ದು ಸಾಕಾಗಿತ್ತು. ಹೋಗು ಎಂದು ಪದ ಎತ್ತಿದಳು, ಅರ್ಧಕ್ಕೇ ಕಡಿಯಿತು. ಮತ್ತೆ ಎತ್ತಿದಳು, ಮತ್ತೆ ಕಡಿಯಿತು. ಕಡೆಗೆ ಅವಳಿಗೆ ಒದಗಿದ್ದು ಸಿಟ್ಟೇ. ಚಿಕ್ಕಂದಿನಲ್ಲಿ ಕೆರೆಗೆ ಬೆನ್ನು ಹತ್ತಿ ಬರುತ್ತಿದ್ದ ತಂಗಿಯನ್ನು ಮನೆಗೆ ಅಟ್ಟುತ್ತಿದ್ದ ಅದೇ ದನಿಯಲ್ಲಿ ಗದರಿದಳು.

"ಹೋಗಂದ್ರ ಹೋಗಬೇಕು ಮೌನೇಶಿ. ತಿರುಗಿ ನೋಡಿದಿ ಅಂದ್ರ ನೋಡು."

ಅಕ್ಕ ಗದರಿದರೆ ಅವಳು ಯಾವತ್ತೂ ಹೋಗುತ್ತಿದ್ದಳು.